ಬಣ್ಣದ ಬೆರಕೆ: ವರ್ಣಚಕ್ರ, ತೊಗಲುಗೊಂಬೆ ಮತ್ತು ಎಳೆಯರ ಪಾಠ

1

ಹಳದಿಗೆ ಬಿಳಿಯನ್ನು ಬೆರೆಸಿದರೆ ಯಾವ ಬಣ್ಣ ಬರುತ್ತದೆ ಎಂಬ ಪ್ರಶ್ನೆಗೆ ಶಾಲೆಯ ಚಿತ್ರಕಲಾ ತರಗತಿ ಕೊಡುವ ಉತ್ತರ ಒಂದೇ: ತಿಳಿಹಳದಿ. ಮದುವೆಮನೆಯಲ್ಲಿ ಆರತಿಗೆ ಅಣಿಮಾಡುವ ಹೆಂಗಸರ ಉತ್ತರ ಬೇರೆ: ಕೆಂಪು. ಅರಿಸಿನದ ನೀರಿಗೆ ಸುಣ್ಣ ಬಿದ್ದೊಡನೆ ಓಕುಳಿ ಕೆಂಪೇರುವುದನ್ನು ಮಕ್ಕಳು ಶಾಲೆಗೆ ಸೇರುವ ಮೊದಲೇ ಕಂಡಿರುತ್ತಾರೆ. ಹಸಿರು ಎಲೆ, ಕಂದು ಅಡಿಕೆ, ಬಿಳಿ ಸುಣ್ಣ ಮೂರೂ ಕೂಡಿ ಅಜ್ಜಿಯ ಬಾಯನ್ನು ಕೆಂಪಾಗಿಸುವುದನ್ನೂ ಕಂಡಿರುತ್ತಾರೆ. ಜನಪದ ಒಗಟುಗಳಿಗೆ ಈ ವಿಸ್ಮಯ ಮೆಚ್ಚಿನ ವಸ್ತು. ಆದರೆ ತರಗತಿಯ ಗೋಡೆಯ ಮೇಲಿನ ವರ್ಣಚಕ್ರದಲ್ಲಿ ಈ ಕೆಂಪಿಗೆ ಎಡೆಯಿಲ್ಲ. ಮನೆಯಲ್ಲಿ ಕಂಡ ಉತ್ತರವನ್ನು ತರಗತಿಯಲ್ಲಿ ಹೇಳುವ ಮಗು ತಪ್ಪು ಹೇಳಿದಂತಾಗುತ್ತದೆ.

ವಾಸ್ತವವಾಗಿ ಎರಡು ಉತ್ತರಗಳೂ ಸರಿ. ಒಂದೇ 'ಬೆರೆಸು' ಎಂಬ ಕ್ರಿಯಾಪದ ಎರಡು ಭಿನ್ನ ಕೆಲಸಗಳನ್ನು ಹೆಸರಿಸುತ್ತಿದೆ, ಅಷ್ಟೆ. ಎಳೆಯ ವಿದ್ಯಾರ್ಥಿಗಳಿಗೆ ಬಣ್ಣದ ಮೂಲಪಾಠವನ್ನು ಹೇಳಿಕೊಡುವ ಪ್ರಚಲಿತ ಕ್ರಮ ಈ ಕೆಲಸಗಳಲ್ಲಿ ಒಂದನ್ನು ಮಾತ್ರ ಸಿದ್ಧಾಂತವೆಂದು ಪರಿಗಣಿಸಿ, ಉಳಿದವನ್ನು ಮನೆವಾರ್ತೆ, ಕಸುಬು, ಜಾನಪದ ಎಂದು ಹೊರಗಿಟ್ಟಿದೆ. ಈ ಹೊರಗಿಡುವಿಕೆಯಿಂದ ಬಣ್ಣದ ಪಾಠಕ್ಕೆ ಆಗಿರುವ ನಷ್ಟವೇನು ಎಂಬುದನ್ನು ಬಳ್ಳಾರಿ ಪರಿಸರದ ತೊಗಲುಗೊಂಬೆ ಮತ್ತು ಬಟ್ಟೆ ಕಸುಬುಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2

ಬಳ್ಳಾರಿ ಸೀಮೆ 1800ರಲ್ಲಿ ನಿಜಾಮನಿಂದ ಬ್ರಿಟಿಷರ ಕೈಗೆ ಬಂದ ಮೇಲೆ ಅಲ್ಲಿ ದೊಡ್ಡ ದಂಡಿನ ನೆಲೆ ಬೆಳೆಯಿತು. ಆ ದಂಡಿನ ಪರಿಸರದ ಪೇಟೆ ಕೌಲ್ ಬಜಾರ್. ಕೌಲು ಎಂದರೆ ಕರಾರು, ಒಪ್ಪಂದ. ಕನ್ನಡ, ತೆಲುಗು, ಉರ್ದು ಮೂರೂ ಇಲ್ಲಿ ಬೀದಿಯ ಭಾಷೆಗಳು. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳಿಬರುವ ಬಡಾವಣೆಗಳಲ್ಲಿ ಇದೂ ಒಂದು. ಪಶ್ಚಿಮಕ್ಕೆ ನಡೆದರೆ ಸಂಡೂರಿನ ಕಬ್ಬಿಣದ ಅದಿರಿನ ಕೆಮ್ಮಣ್ಣು. ಉತ್ತರಕ್ಕೆ ಸಿರುಗುಪ್ಪದ ಕಡೆಗೆ ಹೋದರೆ ಎರೆಯ ಕಪ್ಪುನೆಲ. ಬಣ್ಣದ ಪಾಠಕ್ಕೆ ಇಷ್ಟು ಸಾಮಗ್ರಿ ಒದಗಿಸುವ ಪರಿಸರ ಅಪರೂಪ.

ಇಂಥ ಪರಿಸರದ ತರಗತಿಯಲ್ಲಿ ಬಣ್ಣದ ಪಾಠ ಎದುರಿಸುವ ಮೊದಲ ಸಮಸ್ಯೆ ಹೆಸರಿನದು. ತೆಲುಗಿನಲ್ಲಿ 'ಪಚ್ಚ' ಎಂಬ ಪದ ಹಸಿರನ್ನೂ ಹಳದಿಯನ್ನೂ ಸೂಚಿಸಬಲ್ಲದು. ಬೇರ್ಪಡಿಸಬೇಕಾದಾಗ ಎಲೆಯನ್ನು ಸೂಚಿಸುವ 'ಆಕು', ಅರಿಸಿನವನ್ನು ಸೂಚಿಸುವ 'ಪಸುಪು' ಅದರ ಹಿಂದೆ ಬಂದು ಕೂಡುತ್ತವೆ. ಕನ್ನಡದ 'ಪಚ್ಚೆ' ಹಸಿರಿಗಷ್ಟೇ ಸಲ್ಲುತ್ತದೆ. 'ಊದಾ' ಉರ್ದುವಿನ ಮೂಲಕ ಕನ್ನಡಕ್ಕೆ ಬಂದ ಬಣ್ಣ. ಅದರ ನೆರೆಯ 'ನೇರಳೆ' ಹಣ್ಣಿನಿಂದ ಬಂದದ್ದು. 'ಹಳದಿಯೂ ನೀಲಿಯೂ ಸೇರಿ ಹಸಿರು' ಎಂಬ ವಾಕ್ಯ ಕನ್ನಡದ ಮಗುವಿಗೆ ಎರಡು ಬಣ್ಣಗಳಿಂದ ಮೂರನೆಯದೊಂದು ಹುಟ್ಟಿದ ಸಂಗತಿಯಾದರೆ, ತೆಲುಗಿನ ಮಗುವಿಗೆ ಒಂದು ಪಚ್ಚ ಇನ್ನೊಂದು ಪಚ್ಚವಾದ ಸಂಗತಿಯೂ ಆಗಬಹುದು. ಸೂತ್ರ ಒಂದೇ ಆದರೂ ಅದು ಹೇಳುವ ಕಥೆ ಒಂದೇ ಅಲ್ಲ.

ಕನ್ನಡದ ಬಣ್ಣಪದಗಳು ತಮ್ಮಷ್ಟಕ್ಕೆ ಒಂದು ಸಿದ್ಧಾಂತವನ್ನು ಒಳಗೊಂಡಿವೆ ಎಂಬುದನ್ನು ಪಠ್ಯಕ್ರಮ ಗಮನಿಸಿದಂತಿಲ್ಲ. ಕೆಂ, ಬೆಳ್, ಕರ್ ಎಂಬ ಮೂಲರೂಪಗಳು ಬೇರೆ ಪದಗಳೊಡನೆ ಕೂಡಿ ಕೆಂದಾವರೆ, ಬೆಳ್ಮುಗಿಲು, ಕಾರ್ಮುಗಿಲುಗಳನ್ನು ಕೊಡುತ್ತವೆ. ಬೂದು, ಕುಂಕುಮ, ಗುಲಾಬಿ, ಗಿಳಿಹಸಿರು ಮೊದಲಾದವು ವಸ್ತುವನ್ನೇ ಹೆಸರಾಗಿಸಿಕೊಂಡಿವೆ. 'ಕಂದು' ಬಾಡುವ, ಕಳೆಗುಂದುವ ಕ್ರಿಯೆಯನ್ನು ನೆನಪಿಸುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದವು ಕಡು, ತಿಳಿ, ನಸು, ಅಚ್ಚ ಎಂಬ ವಿಶೇಷಣಗಳು. ಪಠ್ಯ ಪುಟಗಟ್ಟಲೆ ವಿವರಿಸುವ ಛಾಯಾಭೇದವನ್ನು ಇವು ಎರಡೆರಡು ಅಕ್ಷರಗಳಲ್ಲಿ ಹೇಳುತ್ತವೆ. 'ತಿಳಿ' ಎಂಬುದು ವಿಶೇಷವಾಗಿ ವಿಚಾರಾರ್ಹ. ತಿಳಿನೀರು, ತಿಳಿಸಾರು ಎನ್ನುವಾಗ ಅದರ ಅರ್ಥ ತೆಳುವಾದದ್ದು, ಆಚೆಯದನ್ನು ಕಾಣಗೊಡುವಂಥದ್ದು. ಹಾಗಾದರೆ ತಿಳಿಹಸಿರು ಎಂದರೆ ನೀರು ಕೂಡಿಸಿ ತೆಳುವಾಗಿಸಿದ ಹಸಿರು. ಅದರ ಕೆಳಗಿನ ನೆಲ ಕಾಣುತ್ತಿರುತ್ತದೆ. ಪೋಸ್ಟರ್ ಬಣ್ಣದ ಪಾಠದಲ್ಲಿ ತಿಳಿಹಸಿರನ್ನು ಪಡೆಯುವುದು ಹಸಿರಿಗೆ ಬಿಳಿ ಬಣ್ಣವನ್ನು ಕಲಸಿ. ಆಗ ಬಣ್ಣ ತೆಳುವಾಗುವುದಿಲ್ಲ, ಮತ್ತಷ್ಟು ಮುಚ್ಚಿಕೊಳ್ಳುತ್ತದೆ. ಪದ ಒಂದು ದಾರಿ ತೋರುತ್ತಿದೆ, ಪಾಠ ಇನ್ನೊಂದು ದಾರಿ ಹಿಡಿದಿದೆ. ಇವೆರಡರ ವ್ಯತ್ಯಾಸವನ್ನು ಮಗುವಿಗೆ ಯಾರೂ ಹೇಳುವುದಿಲ್ಲ.

3

ವರ್ಣಚಕ್ರವನ್ನು ಅನ್ಯದೇಶದ ಹೇರಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಬಣ್ಣಗಳ ಬೆರಕೆಯನ್ನು ಪಟ್ಟಿಮಾಡುವ ಕ್ರಮ ಭಾರತೀಯ ಶಾಸ್ತ್ರಗ್ರಂಥಗಳಲ್ಲಿಯೇ ಇದೆ. ಭರತನ 'ನಾಟ್ಯಶಾಸ್ತ್ರ' ನಟನ ಅಂಗರಚನೆಯ ಪ್ರಸಂಗದಲ್ಲಿ ಬಿಳಿ, ನೀಲಿ, ಹಳದಿ, ಕೆಂಪು ಎಂಬ ನಾಲ್ಕು ಸಹಜ ವರ್ಣಗಳನ್ನು ಹೇಳಿ, ಹಳದಿ ಮತ್ತು ನೀಲಿ ಸೇರಿ ಹರಿತ, ನೀಲಿ ಮತ್ತು ಕೆಂಪು ಸೇರಿ ಕಾಷಾಯ, ಬಿಳಿ ಮತ್ತು ನೀಲಿ ಸೇರಿ ಪಾರಿವಾಳದ ಬಣ್ಣ ಎಂದು ಸೂತ್ರೀಕರಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ' ಚಿತ್ರಕರ್ಮವನ್ನು ವಿವರಿಸುವಾಗ ಬಣ್ಣಗಳ ಜೊತೆಗೆ ಎಮ್ಮೆಯ ಚರ್ಮದಿಂದ ತಯಾರಿಸುವ ವಜ್ರಲೇಪವನ್ನೂ, ಗೋಡೆಯನ್ನು ಹದಗೊಳಿಸುವ ಬಗೆಯನ್ನೂ ಹೇಳುತ್ತದೆ. ಗಮನಾರ್ಹ ಸಂಗತಿಯೆಂದರೆ ಈ ಎರಡೂ ಗ್ರಂಥಗಳಲ್ಲಿ ಬಣ್ಣ ಯಾವುದಾದರೊಂದು ನೆಲೆಯನ್ನು ಆಶ್ರಯಿಸಿದೆ. ಮೊದಲನೆಯದರಲ್ಲಿ ಅದು ಪಾತ್ರಧಾರಿಯ ಮೈ, ಎರಡನೆಯದರಲ್ಲಿ ಗೋಡೆ. ಯಾವುದರ ಮೇಲೂ ಇಲ್ಲದ ಶುದ್ಧ ಬಣ್ಣದ ಚರ್ಚೆ ಅಲ್ಲಿಲ್ಲ.

ಯುರೋಪಿನಲ್ಲಿ ನ್ಯೂಟನ್ ತನ್ನ 1704ರ 'ಆಪ್ಟಿಕ್ಸ್' ಗ್ರಂಥದಲ್ಲಿ ಬೆಳಕಿನ ಏಳು ಬಣ್ಣಗಳನ್ನು ವೃತ್ತದಲ್ಲಿ ಇರಿಸಿದ. ಅದೇ ಶತಮಾನದಲ್ಲಿ ಲೆ ಬ್ಲಾನ್ ಎಂಬ ಮುದ್ರಣಕಾರ ಕೆಂಪು, ಹಳದಿ, ನೀಲಿ ಅಚ್ಚುಗಳಿಂದ ಬಹುವರ್ಣದ ಚಿತ್ರಗಳನ್ನು ಪಡೆಯುವ ವಿಧಾನವನ್ನು ರೂಢಿಗೆ ತಂದ. ಶಾಲೆಯ ಮೂರು ಮೂಲವರ್ಣಗಳ ಸೂತ್ರದ ಹಿಂದೆ ಇಂಥ ಕಸುಬಿನ ಅನುಭವವಿದೆ. ಮುದ್ರಣಕಲೆಯಾದರೋ ಮುಂದೆ ಆ ಸೂತ್ರವನ್ನು ತಿದ್ದಿಕೊಂಡು, ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಗೆ ಬಂದು ನಿಂತಿದೆ. ಮೊಬೈಲಿನ ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳಿಂದ ಬಣ್ಣಗಳನ್ನೆಲ್ಲ ಕಟ್ಟುತ್ತದೆ; ಅಲ್ಲಿ ಕೆಂಪೂ ಹಸಿರೂ ಕೂಡಿದರೆ ಹಳದಿ. ಅಂದರೆ ಮಗುವಿನ ಕೈಯಲ್ಲಿರುವ ಪಠ್ಯಪುಸ್ತಕ ಅಚ್ಚಾದದ್ದು ಒಂದು ಸೂತ್ರದಿಂದ, ಮನೆಯಲ್ಲಿ ನೋಡುವ ಪರದೆ ಬೆಳಗುವುದು ಇನ್ನೊಂದರಿಂದ, ಪಾಠ ಹೇಳುವುದು ಮೂರನೆಯದನ್ನು. ಈ ಮೂರನೆಯದನ್ನು ನಂಬಿ ಸಿಕ್ಕ ನೀಲಿಗೆ ಸಿಕ್ಕ ಕೆಂಪನ್ನು ಕಲಸಿದ ಮಗುವಿಗೆ ಅನೇಕ ವೇಳೆ ದೊರೆಯುವುದು ನೇರಳೆಯಲ್ಲ, ಕೆಸರಿನಂಥ ಕಂದು. ಆಗ ಮಗು ತನ್ನ ಕೈಯನ್ನು ಸಂಶಯಿಸುತ್ತದೆಯೇ ಹೊರತು ಸೂತ್ರವನ್ನಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಆಧುನಿಕ ವರ್ಣಸಿದ್ಧಾಂತದ ಮುಖ್ಯ ಗ್ರಂಥಗಳಲ್ಲೊಂದನ್ನು 1839ರಲ್ಲಿ ಪ್ರಕಟಿಸಿದ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಪ್ಯಾರಿಸಿನ ಗೊಬೆಲಿನ್ಸ್ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದವನು. ಕೆಲವು ನೂಲುಗಳ ಕಪ್ಪು ಕಳೆಗುಂದಿದೆ ಎಂಬ ದೂರನ್ನು ಪರೀಕ್ಷಿಸಹೋಗಿ, ದೋಷವಿರುವುದು ನೂಲಿನಲ್ಲಲ್ಲ, ಪಕ್ಕದ ಬಣ್ಣದ ಪ್ರಭಾವದಲ್ಲಿ ಎಂಬುದನ್ನು ಆತ ಕಂಡುಕೊಂಡ. ಬಣ್ಣಗಾರನ ಮನೆಯ ದೂರೊಂದು ಪ್ಯಾರಿಸಿನಲ್ಲಿ ಸಿದ್ಧಾಂತವಾಯಿತು. ಬಳ್ಳಾರಿಯ ಬಣ್ಣಗಾರನ ಅನುಭವ ಕಸುಬಾಗಿಯೇ ಉಳಿದಿದೆ. ಈ ವ್ಯತ್ಯಾಸದ ಕಾರಣ ಅನುಭವದ ಗುಣದಲ್ಲಿಲ್ಲ. ಅದನ್ನು ಕೇಳಿಸಿಕೊಂಡ ಸಂಸ್ಥೆಗಳ ಸ್ವರೂಪದಲ್ಲಿದೆ.

4

ಬಳ್ಳಾರಿ ಸೀಮೆ ತೊಗಲುಗೊಂಬೆಯಾಟದ ಗಟ್ಟಿ ನೆಲೆಗಳಲ್ಲೊಂದು. ಕಿಳ್ಳೇಕ್ಯಾತ ಸಮುದಾಯದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಈ ಕಲೆಯನ್ನು ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟ, ಗಾಂಧೀಜಿಯವರ ಬದುಕು ಮೊದಲಾದ ವಸ್ತುಗಳಿಗೂ ವಿಸ್ತರಿಸಿ ನಾಡಿನ ಹೊರಗೂ ಪರಿಚಯಿಸಿದರು. ಅವರು 2023ರಲ್ಲಿ ನಿಧನರಾದರು. ಎಂ.ಎಸ್. ನಂಜುಂಡರಾವ್ ಅವರ ಆಸಕ್ತಿಯಿಂದ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಹಳೆಯ ಗೊಂಬೆಗಳ ದೊಡ್ಡ ಸಂಗ್ರಹ ಕೂಡಿತು. ಈ ಗೊಂಬೆಗಳ ಕಥನ, ಸಂಗೀತ, ಸಮುದಾಯಗಳ ಬಗೆಗೆ ಅಧ್ಯಯನಗಳು ನಡೆದಿವೆ. ಬಣ್ಣದ ಪಾಠವಾಗಿ ಅವುಗಳನ್ನು ಓದುವ ಪ್ರಯತ್ನ ಅಗತ್ಯವಾಗಿದೆ.

ಗೊಂಬೆಗೆ ಬಳಸುವ ಮೇಕೆಯ ತೊಗಲನ್ನು ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುಗೊಳಿಸಿ ಹದಮಾಡುತ್ತಾರೆ. ಹದಗೊಂಡ ತೊಗಲು ಬಿಳಿಯಲ್ಲ, ಜೇನಿನಂತೆ ತುಸು ಹಳದಿ. ಆದ್ದರಿಂದ ಗೊಂಬೆಗಾರ ಬಣ್ಣ ಹಾಕತೊಡಗುವ ಮೊದಲೇ ಒಂದು ಬಣ್ಣ ಅಲ್ಲಿರುತ್ತದೆ. ತೆಳು ನೀಲಿ ಈ ನೆಲದ ಮೇಲೆ ಹಸಿರಿನತ್ತ ವಾಲುತ್ತದೆ. ಕಾಗದದ ಪಾಠಕ್ಕೆ ನೆಲ ಎಂಬುದೇ ಇಲ್ಲ. ಬಿಳಿ ಕಾಗದವನ್ನು ಅದು ಶೂನ್ಯವೆಂದು ಭಾವಿಸಿರುತ್ತದೆ. ತೊಗಲಿನ ಪಾಠದಲ್ಲಿ ನೆಲವೇ ಮೊದಲ ಬಣ್ಣ.

ಎರಡನೆಯದು ಬಿಳಿಯ ಪ್ರಶ್ನೆ. ಹಾರ, ಕಿರೀಟ, ಕಡಗಗಳ ಹೊಳಪನ್ನು ಗೊಂಬೆಗಾರ ಬಣ್ಣದಿಂದ ತರುವುದಿಲ್ಲ. ಸಣ್ಣ ಉಳಿಗಳಿಂದ ತೊಗಲಿನಲ್ಲಿ ರಂಧ್ರಗಳನ್ನು ಕೊರೆಯುತ್ತಾನೆ. ದೀಪದ ಬೆಳಕು ಆ ರಂಧ್ರಗಳಿಂದ ನೇರವಾಗಿ ಪರದೆಗೆ ಬಿದ್ದಾಗ ಆಭರಣ ಮಿನುಗುತ್ತದೆ. ಬಿಳಿಯನ್ನು ಇಲ್ಲಿ ಬಳಿಯುವುದಲ್ಲ, ಕೊರೆಯುವುದು. ಕಪ್ಪು ಬೆಳಕನ್ನು ತಡೆಯುವಂಥದ್ದು, ಕೆಂಪು ಹಸಿರುಗಳು ಬೆಳಕಿನ ಒಂದು ಭಾಗವನ್ನು ಮಾತ್ರ ಬಿಡುವಂಥವು, ಬಿಳಿ ಎಲ್ಲವನ್ನೂ ಬಿಡುವಂಥದ್ದು. ಬಣ್ಣವೆಂದರೆ ಬೆಳಕಿಗೆ ವಸ್ತು ತೋರುವ ಪ್ರತಿಕ್ರಿಯೆ ಎಂಬ ಭೌತಶಾಸ್ತ್ರದ ಮಾತನ್ನು ಹತ್ತು ವರ್ಷದ ಮಗುವಿಗೆ ಇದಕ್ಕಿಂತ ನೇರವಾಗಿ ತೋರಿಸುವ ಉಪಕರಣ ಇನ್ನೊಂದಿಲ್ಲ.

ಮೂರನೆಯದು ದೀಪ. ಎಣ್ಣೆದೀಪದ ಬೆಳಕಿನಲ್ಲಿ ಹಳದಿ ಕೆಂಪುಗಳ ಅಂಶ ಹೆಚ್ಚು, ನೀಲಿಯ ಅಂಶ ಕಡಿಮೆ. ಆ ಬೆಳಕಿನಲ್ಲಿ ಕೆಂಪು ಉರಿಯುತ್ತದೆ, ನೀಲಿ ಕಪ್ಪಿನತ್ತ ಸರಿಯುತ್ತದೆ. ಎಣ್ಣೆದೀಪದ ಜಾಗಕ್ಕೆ ಪೆಟ್ರೋಮ್ಯಾಕ್ಸ್, ಅದರ ಜಾಗಕ್ಕೆ ವಿದ್ಯುತ್ ದೀಪ ಬಂದಂತೆ ಅದೇ ಗೊಂಬೆಯ ಬಣ್ಣಗಳ ಪರಸ್ಪರ ತೂಕ ಬದಲಾಯಿತು. ಹಳೆಯ ಗೊಂಬೆಯನ್ನು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ, ಮುಂಭಾಗದಿಂದ ಬೀಳುವ ಬೆಳಕಿನಲ್ಲಿ ನೋಡಿ ಅದರ ವರ್ಣಯೋಜನೆಯನ್ನು ಒರಟು ಎನ್ನುವ ವಿಮರ್ಶೆ ಈ ಕಾರಣದಿಂದ ದೋಷಪೂರಿತ. ಆ ಬಣ್ಣಗಳನ್ನು ಆರಿಸಿದ ಕಣ್ಣು ಎದುರಿಗೆ ಇಟ್ಟುಕೊಂಡಿದ್ದ ಬೆಳಕು ಬೇರೆ.

ಪುರಾಣದ ಪಾತ್ರಗಳಿಗೆ ಬಣ್ಣದ ರೂಢಿ ಇದೆ. ರಾಮನ ಮೈಗೆ ನೀಲಿಯೋ ಹಸಿರೋ ಸಲ್ಲುತ್ತದೆ. ಆಧುನಿಕ ಚರಿತ್ರೆಯ ವ್ಯಕ್ತಿಗಳಿಗೆ ಅಂಥ ರೂಢಿಯಿಲ್ಲ. ಖಾದಿಯ ಬಿಳಿಯನ್ನು ಹಳದಿ ತೊಗಲಿನ ಮೇಲೆ ತರುವುದು ಹೇಗೆ ಎಂಬ ಪ್ರಶ್ನೆ ಗಾಂಧೀಜಿಯ ಗೊಂಬೆ ಕಡೆಯುವ ಯಾರಿಗಾದರೂ ಎದುರಾಗಲೇಬೇಕು. ತೊಗಲನ್ನು ಬಣ್ಣವಿಲ್ಲದೆ ಬಿಡಬೇಕೆ, ರಂಧ್ರಗಳಿಂದ ಹಗುರಗೊಳಿಸಬೇಕೆ, ಸುತ್ತಲಿನ ಬಣ್ಣವನ್ನು ಕಡುವಾಗಿಸಿ ಬಿಳಿಯೆಂಬ ಭಾವನೆ ಹುಟ್ಟಿಸಬೇಕೆ ಎಂಬ ಆಯ್ಕೆಗಳು ಅಪ್ಪಟ ವರ್ಣಸಿದ್ಧಾಂತದ ಆಯ್ಕೆಗಳು. ಪರಂಪರೆ ಎಂಬುದು ಕೇವಲ ರೂಢಿಯ ಪುನರಾವರ್ತನೆ ಎನ್ನುವವರಿಗೆ ಈ ಒಂದು ಪ್ರಶ್ನೆಯೇ ಸಾಕಷ್ಟು ಉತ್ತರ.

5

ತೊಗಲುಗೊಂಬೆ ಪದರಗಳ ಬೆರಕೆಯನ್ನು ಕಲಿಸಿದರೆ, ಕೌಲ್ ಬಜಾರಿನ ಮಗು ತೊಟ್ಟಿರುವ ಜೀನ್ಸ್ ಇನ್ನೆರಡು ಬೆರಕೆಗಳನ್ನು ಕಲಿಸುತ್ತದೆ. ಈ ಬಟ್ಟೆಯ ಹಾಸು ನೂಲು ನೀಲಿ, ಹೊಕ್ಕು ನೂಲು ಬಿಳಿ. ಹೊರಮೈಯಲ್ಲಿ ಹಾಸು ಮೇಲುಗೈಯಾಗಿ ನೀಲಿ, ಒಳಮೈಯಲ್ಲಿ ಹೊಕ್ಕು ಮೇಲುಗೈಯಾಗಿ ಬಿಳಚು. ಹತ್ತಿರ ನಿಂತರೆ ಎರಡು ನೂಲು, ದೂರ ನಿಂತರೆ ಒಂದು ಬಣ್ಣ. ಯಾರೂ ನೀಲಿಗೆ ಬಿಳಿಯನ್ನು ಕಲಸಿಲ್ಲ. ಬೆರಕೆ ನಡೆದದ್ದು ನೋಡುವವನ ಕಣ್ಣಿನಲ್ಲಿ.

ನೀಲಿಯ ಬಾನಿಯಿಂದ ಎತ್ತಿದ ನೂಲು ಮೊದಲಿಗೆ ಹಳದಿಹಸಿರಾಗಿದ್ದು, ಗಾಳಿ ತಗುಲಿದಂತೆ ನೀಲಿಗೆ ತಿರುಗುತ್ತದೆ. ಇದು ಅರಿಸಿನ ಸುಣ್ಣಗಳ ಜಾತಿಗೆ ಸೇರಿದ್ದು: ಒಂದು ವಸ್ತು ರಾಸಾಯನಿಕವಾಗಿ ಮಾರ್ಪಟ್ಟು ಹೊಸ ಬಣ್ಣ ತಾಳುತ್ತದೆ. ಅರಿಸಿನ ಕ್ಷಾರಕ್ಕೆ ಕೆಂಪಾಗಿ, ಹುಳಿಗೆ ಮತ್ತೆ ಹಳದಿಯಾಗುತ್ತದೆ. ಓಕುಳಿಯ ನೀರಿಗೆ ಸಾಕಷ್ಟು ನಿಂಬೆಯ ರಸ ಹಿಂಡಿದರೆ ಮಗು ಇದನ್ನು ಕಣ್ಣಾರೆ ಕಾಣಬಹುದು. ಕಲಸಿದ ಪೋಸ್ಟರ್ ಬಣ್ಣದಲ್ಲಿ ಹೀಗೆ ಹಿಂದಿರುಗುವ ದಾರಿ ಇಲ್ಲ. ಜೀನ್ಸಿನ ನೂಲಿನಲ್ಲಿ ನೀಲಿ ಹೆಚ್ಚಾಗಿ ಹೊರಸುತ್ತಿನಲ್ಲಿ ನಿಂತು ತಿರುಳು ಬಿಳಿಯಾಗಿಯೇ ಉಳಿಯುವುದರಿಂದ, ಒಗೆದು ಉಜ್ಜಿದಂತೆ ಆ ಬಿಳಿ ಹೊರಬರುತ್ತದೆ. ಬಳ್ಳಾರಿಯ ತೊಳೆಯುವ ಘಟಕಗಳ ಕಸುಬೇ ಬಣ್ಣವನ್ನು ಹದವಾಗಿ ಕಳೆಯುವುದು. ಕಳೆದ ನೀಲಿ ನೀರಿನ ಪಾಲಾಗುತ್ತದೆ, ಆ ನೀರನ್ನು ಶುದ್ಧೀಕರಿಸದೆ ಬಿಟ್ಟರೆ ನೆಲದ ಪಾಲಾಗುತ್ತದೆ ಎಂಬುದೂ ಬಣ್ಣದ ಪಾಠದ ಒಂದು ಭಾಗವೇ.

ಹೀಗೆ ನೋಡಿದಾಗ 'ಬೆರಕೆ' ಎಂಬ ಒಂದೇ ಪದದಡಿ ನಾಲ್ಕು ಕ್ರಿಯೆಗಳು ಕಾಣುತ್ತವೆ. ಕಲಸುವುದು: ಬಟ್ಟಲಿನಲ್ಲಿ ಎರಡು ಬಣ್ಣಗಳನ್ನು ಒಂದಾಗಿಸುವುದು. ಹೊದಿಸುವುದು: ತೆಳುಬಣ್ಣವನ್ನು ಇನ್ನೊಂದರ ಮೇಲೆ ಹಾಸುವುದು. ನೆರೆಯಾಗಿಸುವುದು: ಎರಡನ್ನು ಪಕ್ಕಪಕ್ಕದಲ್ಲಿಟ್ಟು ಕಣ್ಣಿಗೆ ಬಿಡುವುದು. ಮಾರ್ಪಡಿಸುವುದು: ವಸ್ತುವಿನ ಗುಣವನ್ನೇ ಬದಲಿಸುವುದು. ಪ್ರಚಲಿತ ವರ್ಣಚಕ್ರ ಇವುಗಳಲ್ಲಿ ಮೊದಲನೆಯದರ ನಕ್ಷೆ ಮಾತ್ರ. ಅದು ಸುಳ್ಳಲ್ಲ, ತನ್ನ ಎಲ್ಲೆಯನ್ನು ಹೇಳಿಕೊಳ್ಳುವುದಿಲ್ಲ ಎಂಬುದೇ ಅದರ ದೋಷ.

6

ಈ ವಾದವನ್ನು ಜಾನಪದದ ಗುಣಗಾನಕ್ಕೆ ಎಳೆದೊಯ್ಯುವುದು ಸಲ್ಲದು. ಮನೆತನದ ಕಸುಬಿನಲ್ಲಿ ಕಲಿಕೆ ನಡೆಯುವುದು ಮಾಡಿ ನೋಡುವುದರಿಂದ. 'ಏಕೆ' ಎಂಬ ಪ್ರಶ್ನೆಗೆ ಅಲ್ಲಿ ಬಿಡುವು ಕಡಿಮೆ. ಪಾತ್ರದ ಬಣ್ಣ ರೂಢಿಯಿಂದ ಗೊತ್ತಾಗಿರುವಲ್ಲಿ ಎಳೆಯನ ಪ್ರಯೋಗಕ್ಕೆ ಎಡೆ ಇನ್ನೂ ಕಡಿಮೆ. ಗೊಂಬೆಗಾರರೂ ಕಾಲಕ್ರಮದಲ್ಲಿ ಸಸ್ಯಮೂಲದ ಬಣ್ಣಗಳಿಂದ ಅಂಗಡಿಯ ರಾಸಾಯನಿಕ ಬಣ್ಣಗಳಿಗೆ ಬಂದಿದ್ದಾರೆ. ಅದನ್ನು ಪತನವೆಂದು ಖಂಡಿಸುವ ಅಧಿಕಾರ ಪೇಟೆಯ ಬಣ್ಣದಲ್ಲೇ ಪಾಠ ಹೇಳುವ ಶಾಲೆಗಿಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. 'ವರ್ಣ' ಎಂಬ ಪದಕ್ಕೆ ಈ ನಾಡಿನಲ್ಲಿ ಬಣ್ಣವಲ್ಲದೆ ಬೇರೊಂದು ಅರ್ಥವೂ ಉಂಟು. ತೊಗಲಿನ ಕೆಲಸ, ಬಣ್ಣಗಾರಿಕೆ, ನೇಯ್ಗೆ ಎಲ್ಲವೂ ಹುಟ್ಟಿಗೆ ಅಂಟಿಕೊಂಡು ಬಂದ ಕಸುಬುಗಳು. ತೊಗಲನ್ನು ಮುಟ್ಟುವ ಕೈಯನ್ನು ಸಮಾಜ ಹೇಗೆ ನೋಡಿತು ಎಂಬುದು ಎಲ್ಲರಿಗೂ ತಿಳಿದದ್ದೇ. ಗೋಡೆಯ ಮೇಲಿನ ವರ್ಣಚಕ್ರ ಯಾವ ಮಗುವಿನ ಮನೆತನವನ್ನೂ ಕೇಳುವುದಿಲ್ಲ. ಆರು ಬಣ್ಣಗಳ ಪೆಟ್ಟಿಗೆಯೊಂದಿದ್ದರೆ ಯಾವ ಮನೆಯ ಮಗುವಾದರೂ ಅದನ್ನು ಕಲಿಯಬಹುದು. ಶಾಲೆಯ ಪಾಠದ ಈ ಸಮಾನತೆ ಸಣ್ಣದಲ್ಲ; ಅದನ್ನು ಕಳೆದುಕೊಂಡು ಪಡೆಯುವ ಪರಂಪರೆ ಬೇಕಿಲ್ಲ. ಆದರೆ ಅದೇ ಸಮಾನತೆಯ ಹೆಸರಿನಲ್ಲಿ ತೊಗಲಿನ, ಬಾನಿಯ, ಅಡುಗೆಮನೆಯ ಅರಿವನ್ನು ಹೊರಗಿಟ್ಟಾಗ, ಕಸುಬಿನ ಮನೆಯಿಂದ ಬಂದ ಮಗುವಿಗೆ ಸಿಗುವ ಸಂದೇಶವೂ ಸ್ಪಷ್ಟ: ನಿನ್ನ ಮನೆಯಲ್ಲಿರುವುದು ಕೂಲಿ, ಇಲ್ಲಿರುವುದು ವಿದ್ಯೆ. ತೊಗಲುಗೊಂಬೆಯನ್ನು ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಕರೆದು, ಬಣ್ಣದ ಪಾಠಕ್ಕೆ ಕರೆಯದಿರುವುದು ಈ ಸಂದೇಶದ ಇನ್ನೊಂದು ರೂಪ.

7

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನೂ ಪರಂಪರೆಯ ಕರಕುಶಲಗಳನ್ನೂ ಶಾಲಾಕಲಿಕೆಯ ಅಂಗವಾಗಿಸಬೇಕೆಂದು ಹೇಳಿತು. ಆಶಯ ಕಾಗದದಿಂದ ತರಗತಿಗೆ ಇಳಿಯಲು ದೊಡ್ಡ ಸಲಕರಣೆಗಳು ಬೇಕಿಲ್ಲ. ಮೊದಲ ಪಾಠದಲ್ಲಿ ಶಿಕ್ಷಕರು ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ತೋರಿಸಬಹುದು. ಸುಣ್ಣ ಮಕ್ಕಳ ಕೈಗೆ, ಕಣ್ಣಿಗೆ ತಾಗದಂತೆ ಎಚ್ಚರ ಅಗತ್ಯ. ಎರಡನೆಯದರಲ್ಲಿ ಬಟ್ಟಲಿನ ಕಲಸುವಿಕೆ, ಅದೂ ಎರಡು ಬಗೆಯ ನೀಲಿ, ಎರಡು ಬಗೆಯ ಕೆಂಪುಗಳೊಂದಿಗೆ. ಆಗ ಕೆಸರು ಬಣ್ಣ ಬಂದರೂ ಅದು ಸೋಲಾಗದೆ ಸಾಕ್ಷಿಯಾಗುತ್ತದೆ. ಮೂರನೆಯದರಲ್ಲಿ ಎಣ್ಣೆ ಸವರಿದ ಕಾಗದಕ್ಕೆ ಬಣ್ಣವಿಟ್ಟು, ಸೂಜಿಯಿಂದ ಚುಚ್ಚಿ, ಕಿಟಕಿಯ ಬೆಳಕಿಗೆ ಹಿಡಿಯುವುದು. ಸಾಧ್ಯವಿದ್ದಲ್ಲಿ ಗೊಂಬೆಗಾರರನ್ನು ಸಂಭಾವನೆ ಕೊಟ್ಟು ಶಿಕ್ಷಕರಾಗಿ ಕರೆಯುವುದು. ನಾಲ್ಕನೆಯದರಲ್ಲಿ ಜೀನ್ಸ್ ಚೂರಿನ ಎಳೆಗಳನ್ನು ಬಿಡಿಸಿ ನೋಡುವುದು. ಐದನೆಯದರಲ್ಲಿ, ಈ ಎಲ್ಲ ಅನುಭವಗಳ ನಂತರ, ವರ್ಣಚಕ್ರವನ್ನು ಬರೆಯುವುದು. ಮೊದಲ ಪುಟದಲ್ಲಿದ್ದ ಚಕ್ರ ಕೊನೆಯ ಪುಟಕ್ಕೆ ಬಂದಾಗ ಅದು ಆಜ್ಞೆಯಾಗಿ ಉಳಿಯುವುದಿಲ್ಲ. ಅನುಭವದ ಒಂದು ಭಾಗದ ಸಂಕ್ಷೇಪವಾಗುತ್ತದೆ.

ಒಟ್ಟಾರೆ, ಎಳೆಯರಿಗೆ ಬಣ್ಣದ ಪಾಠ ಹೇಳುವ ಪ್ರಶ್ನೆ ಕೇವಲ ಚಿತ್ರಕಲೆಯ ಬೋಧನಕ್ರಮದ ಪ್ರಶ್ನೆಯಲ್ಲ. ಯಾರ ಅನುಭವ ಸಿದ್ಧಾಂತವಾಗಲು ಅರ್ಹ ಎಂಬ ದೊಡ್ಡ ಪ್ರಶ್ನೆಯ ಸಣ್ಣ ರೂಪ ಅದು. ಜಾನಪದ ಅಧ್ಯಯನ ಬಹುಕಾಲ ಹಾಡು ಕಥೆಗಳ ಸಂಗ್ರಹಕ್ಕೆ ಒತ್ತುಕೊಟ್ಟಿತು; ವಸ್ತುಗಳ ಅರಿವನ್ನು, ಅದರಲ್ಲೂ ಮಕ್ಕಳು ನೋಡಿ ಕಲಿಯುವ ಅರಿವನ್ನು, ಅಷ್ಟೇ ಶ್ರದ್ಧೆಯಿಂದ ದಾಖಲಿಸುವ ಹೊಣೆ ಅದರ ಮೇಲಿದೆ. ಹಳದಿಗೆ ಬಿಳಿ ಬೆರೆತರೆ ಕೆಂಪು ಎಂದು ಹೇಳುವ ಮಗುವಿಗೆ 'ತಪ್ಪು' ಎನ್ನುವ ಬದಲು 'ಯಾವ ಹಳದಿ, ಯಾವ ಬಿಳಿ' ಎಂದು ಕೇಳುವ ಶಿಕ್ಷಕ ದೊರೆತ ದಿನ ಬಣ್ಣದ ಪಾಠ ನಿಜವಾಗಿ ಆರಂಭವಾಗುತ್ತದೆ.